ಯಂಕಮ್ಮ ಕಣ್ಣು ಬಿಡಲೊಲ್ಲಳು

ಕಣ್ಣಿನ ಆಪರೇಷನ್ ಆದವರು ಪಟ್ಟಿ ಬಿಚ್ಚಿದ ಮೇಲೆ ಏನು ಮಾಡುತ್ತಾರೆ? ಕಣ್ಣು ಬಿಡುತ್ತಾರೆ. ಕಳೆದ ಗುರುವಾರದವರೆಗೆ ನಾನೂ ಹಾಗೆಂದೇ ತಿಳಿದಿದ್ದೆ.

ಸಿಂಧನೂರಿನ ನಮ್ಮ ಕಣ್ಣಾಸ್ಪತ್ರೆಗೂ ಪರದೇಶದ ಒಂದು ದೊಡ್ಡ ಆಸ್ಪತ್ರೆಗೂ ಈ ವರ್ಷ ಒಪ್ಪಂದವಾಗಿದೆ. ಅಲ್ಲಿಯವರು ಬಂದು ಇಲ್ಲಿಯವರಿಗೆ ಕಲಿಸುತ್ತಾರೆ. ನಮ್ಮ ಬಿಸಿಲಿನಲ್ಲಿ ಕಣ್ಣಿಗೆ ಪೊರೆ ಬೇಗ ಬರುತ್ತದೆಯೇ ಎಂದು ಇಬ್ಬರೂ ಕೂಡಿ ಸಂಶೋಧನೆ ಮಾಡುತ್ತಾರೆ. ಮೊದಲ ಪಾಠ, ಪೊರೆ ತೆಗೆದು ಕಣ್ಣೊಳಗೇ ಲೆನ್ಸ್ ಕೂರಿಸುವುದು. (ಸೋಡಾ ಬಾಟಲಿಯ ತಳದಂಥ ಕನ್ನಡಕ ಇನ್ನು ಬೇಡ.) ಕಲಿಸಲು ಬಂದವರು ಡಾಕ್ಟರ್ ಹೆಲೆನ್. ನಾನು ಇಂಗ್ಲಿಷ್ ಎಂ.ಎ. ಮಾಡಿದ್ದೇ ನೆಪವಾಗಿ, ಕಾಲೇಜಿಗೆ ರಜೆಯಿದ್ದ ವಾರ ಅವರಿಗೆ ದುಭಾಷಿಯಾದೆ. ತನ್ನೊಬ್ಬಳ ಪಾಲಿನ ಮಾತನ್ನೇ ಆಡದವಳಿಗೆ ಇಬ್ಬರ ಮಾತಾಡುವ ಕೆಲಸ!

ಲೆನ್ಸ್ ಹಾಕಿಸಿಕೊಂಡ ಮೊದಲಿಗಳು ಸಾಲಗುಂದದ ಯಂಕಮ್ಮ. ಎರಡೂ ಕಣ್ಣಿಗೆ ಪೊರೆ. ಕಣ್ಣಿನಲ್ಲಿ ಗಾಜಿನ ಚೂರು ಇಡುತ್ತಾರಂತೆ ಎಂದು ಹೆದರಿ ವರಾಂಡದಲ್ಲಿ ಕೂತಿದ್ದವರೆಲ್ಲ ಒಂದು ತೀರ್ಮಾನಕ್ಕೆ ಬಂದಿದ್ದರು. ಯಂಕಮ್ಮನಿಗೆ ಕಂಡರೆ ನಾವೂ ಹಾಕಿಸಿಕೊಳ್ಳುವುದು, ಇಲ್ಲದಿದ್ದರೆ ಊರ ದಾರಿ.

ಗುರುವಾರ ಬೆಳಿಗ್ಗೆ ಹೆಲೆನ್ ಪಟ್ಟಿ ಬಿಚ್ಚಿದರು. ಯಂಕಮ್ಮ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ನಾನು ಹೇಳಿದೆ, ನರ್ಸ್ ಹೇಳಿದಳು. ಮಗ ಅಮರೇಶ "ಕಣ್ಣ ತೆಗಿ ಬೇ" ಎಂದು ಗೋಗರೆದ. ಆಕೆ ಗೋಡೆಯ ಕಡೆ ತಿರುಗಿ ಸೆರಗು ಎಳೆದುಕೊಂಡಳು.

ಹೆಲೆನ್ ಮುಖ ಬಿಳಿಚಿತು (ಮೊದಲೇ ಬಿಳಿ). ಸುದ್ದಿ ವರಾಂಡ ಮುಟ್ಟಲು ಎಷ್ಟು ಹೊತ್ತು ಬೇಕು? ಕಾಣವಲ್ದಂತ, ಕಾಣವಲ್ದಂತ. ಒಂದಿಬ್ಬರು ಹಾಸಿಗೆ ಸುತ್ತತೊಡಗಿದರು.

ನಾನು ಬಗ್ಗಿ, ನೋವಾಗುತ್ತಿದೆಯೇ ಎಂದು ಮೆಲ್ಲಗೆ ಕೇಳಿದೆ.

"ನೋವು ಎಲ್ಲೀದಬೇ ಯವ್ವಾ? ನನ್ನ ಮೊಮ್ಮಗಳು ಬರಾಕತ್ತಾಳ. ಮೊದಲ ಆಕಿ ಮಾರೀನ ನೋಡಬೇಕು."

ಆ ಮಗು ಹುಟ್ಟುವ ಹೊತ್ತಿಗೆ ಯಂಕಮ್ಮನಿಗೆ ಪೂರ್ತಿ ಮಂಜು ಕವಿದಿತ್ತು. ಎತ್ತಿ ಆಡಿಸಿದ್ದಾಳೆ, ಮೂಗು ಕಿವಿ ಮುಟ್ಟಿದ್ದಾಳೆ, ಕಂಡಿಲ್ಲ. ಗುರುಗುಂಟಾದ ತವರಿನಿಂದ ಸೊಸೆ ಮಗುವನ್ನು ಕರೆದುಕೊಂಡು ಬಸ್ಸು ಹತ್ತಿದ್ದಳು. ಒಂದು ಬಸ್ಸು ತಪ್ಪಿದರೆ ನಾವು "ಇವತ್ತು ಯಾರ ಮುಖ ನೋಡಿ ಎದ್ದೆನೋ" ಅನ್ನುತ್ತೇವೆ. ಹೊಸ ಕಣ್ಣು ಬಂದವಳು ಎಷ್ಟು ಎಚ್ಚರವಾಗಿರಬೇಡ?

ನಾನಿಲ್ಲೇನು, ನನ್ನ ಮುಖ ನೋಡು ಎಂದ ಅಮರೇಶ.

"ನಿನ್ನ ಮಾರಿ ನೋಡಿದ್ದ ಐತಿ. ಈಗೇನರ ಸುಧಾರಿಸೈತೇನು?"

ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಎಂ.ಎ.ಯಲ್ಲಿ ಯಾರೂ ಕಲಿಸಿರಲಿಲ್ಲ. ಹೇಗೋ ತಿಳಿಸಿದೆ. ಹೆಲೆನ್ ನಕ್ಕೇಬಿಟ್ಟರು. ಪಟ್ಟಿಯನ್ನು ಮತ್ತೆ ಕಣ್ಣ ಮೇಲಿಟ್ಟು, ಸ್ಟೂಲು ಎಳೆದುಕೊಂಡು ಕೂತರು. ಆದರೆ ನಿಜವಾಗಿ ಕಾಣುತ್ತದೆಯೋ ಇಲ್ಲವೋ? ಅದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಹೆಲೆನ್‌ಗೆ ತಂದಿಟ್ಟ ಚಹಾ ಹಾಗೇ ಆರಿತು.

ಬಸ್ಸು ಮಸ್ಕಿಯಲ್ಲಿ ಪಂಕ್ಚರ್ ಆಗಿತ್ತು. (ಆಗದೆ ಇರುತ್ತದೆಯೇ?) ಕೊನೆಗೂ ಸೊಸೆ ಒಳಗೆ ಬಂದಳು. ಮಗು ಹೆಲೆನ್‌ರ ಹೊಂಬಣ್ಣದ ಕೂದಲು ನೋಡಿದ್ದೇ ತಡ, ಅವ್ವನ ಹೆಗಲಲ್ಲಿ ಮುಖ ಹುದುಗಿಸಿತು. ತಿರುಗಿಸಿದರೆ ಕಿರುಚಾಟ.

ಪಟ್ಟಿ ತೆಗೆದರು. ಯಂಕಮ್ಮ ನಿಧಾನವಾಗಿ ಕಣ್ಣು ಬಿಟ್ಟಳು. ಎದುರಿಗಿದ್ದದ್ದು ಮಗುವಿನ ಹಿಂದಲೆ ಮಾತ್ರ.

"ಕೆಂಪ ರಿಬ್ಬನ್ ಕಟ್ಟಿಸ್ಕೊಂಡು ಬಂದು ಮಾರಿ ಮುಚ್ಕೊಂತಿ ಏನಲೇ? ಈ ಕಡೆ ತಿರುಗು."

ನಾನು ಅನುವಾದಿಸುವ ಮೊದಲೇ ರಿಬ್ಬನ್ನಿನ ಬಣ್ಣ ವರಾಂಡ ತಲುಪಿತ್ತು. ಸುತ್ತಿದ ಹಾಸಿಗೆಗಳು ಮತ್ತೆ ಬಿಚ್ಚಿಕೊಂಡವು. ಹೆಲೆನ್ ಅರ್ಥವನ್ನೂ ಕೇಳಲಿಲ್ಲ, ಕಣ್ಣೊರೆಸಿಕೊಂಡರು. ಒಂದು ಬಿಸ್ಕೀಟಿನ ಆಸೆಗೆ ಮಗು ತಿರುಗಿತು. ಯಂಕಮ್ಮ ಬಹಳ ಹೊತ್ತು ನೋಡಿದಳು. ಮೂಗು ತನ್ನದೇ ಅಂದಳು. ಹಟವೂ ಅಷ್ಟೇ ಎಂದು ಅಮರೇಶ ಗೊಣಗಿದ.

ಪಕ್ಕದ ಮಂಚದಲ್ಲಿ ಹಳೆಯ ಪದ್ಧತಿಯ ಆಪರೇಷನ್ ಆಗಿದ್ದ ಮುದಗಲ್ಲಿನ ಮುದುಕರೊಬ್ಬರಿದ್ದರು. ಆ ಮುದುಕರ ಪಟ್ಟಿಗೆ ಕೈ ಹಾಕಿದ ಹೆಲೆನ್ ತಡೆದು ನಿಂತರು. ನನ್ನಿಂದ ಹೇಳಿಸಿಕೊಂಡು, ಒಂದೊಂದೇ ಅಕ್ಷರ ಜೋಡಿಸಿ ಕೇಳಿದರು: "ಮೊದಲ ಯಾರ ಮಾರಿ ನೋಡ್ತೀರಿ?"

"ಯಾರದರ ಇರ್ಲಿ ಬೇಟಿ, ಕೈಯಾಗ ಚಾ ಇರ್ಲಿ."

ಅಂದ ಹಾಗೆ, ಕಲಿಸಲು ಬಂದವರು ಯಾರು, ಕಲಿತವರು ಯಾರು ಅಂದೆ?