ಬೀರಯ್ಯನ ಬೇಲಿ, ಬೆಟ್ಟಮ್ಮನ ಒನಕೆ

ಮಂಡ್ಯ ಜಿಲ್ಲೆಯಾಗಿ ಆಗ ಐದಾರು ವರ್ಷವಾಗಿತ್ತು. ಊರಿಗೆ ಕಚೇರಿಗಳು ಬಂದವು, ಸಾಹೇಬರುಗಳು ಬಂದರು. ನಮ್ಮ ಬೀದಿಯ ಹಿಂದಿನ ಹಳ್ಳಕ್ಕೆ ಮಾತ್ರ ಇನ್ನೂ ಮರ್ಯಾದೆ ಬಂದಿರಲಿಲ್ಲ. ಮೇಲಿನ ಕೆರೆ ಕೋಡಿ ಬಿತ್ತೆಂದರೆ ಹಿತ್ತಿಲಿಗೆ ನುಗ್ಗಿ ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡು ಹೋಗುತ್ತಿತ್ತು. ಹಾಗೆ ಹೋದದ್ದೆಲ್ಲ ಹಳ್ಳ ತಿರುಗುವ ಮೂಲೆಯಲ್ಲಿದ್ದ ದೊಡ್ಡಬೀರಯ್ಯನ ಕಳ್ಳಿಬೇಲಿಗೆ ಸಿಕ್ಕಿಕೊಳ್ಳುತ್ತಿತ್ತು.

ಬೀರಯ್ಯ ಎಲ್ಲವನ್ನೂ ತೊಳೆದು ಜಗಲಿಯ ಮೇಲೆ ಇಡುತ್ತಿದ್ದ: ಮೊರ, ಮಣೆ, ಕೋಳಿಗೂಡು, ಒಮ್ಮೆ ಕೋಳಿಯ ಸಮೇತ. ಅವನ ಕಟ್ಟಳೆ ಒಂದೇ. ಮೊದಲು ಊಟ, ಆಮೇಲೆ ಸಾಮಾನು. ಮಳೆ ಜೋರಾದರೆ ಸಾಕು, ಹೆಂಡತಿ ಚಿಕ್ಕನಂಜಮ್ಮ ದೊಡ್ಡ ಮಡಕೆಯಲ್ಲಿ ಬಸ್ಸಾರಿಗೆ ಇಡುತ್ತಿದ್ದಳು. ಮಕ್ಕಳಿಲ್ಲದ ಆ ಮನೆಗೆ ಅಂದೇ ಹಬ್ಬ. ನಮ್ಮ ಬೀದಿಯವರೋ, ಎರಡೆರಡು ಮುದ್ದೆ ಮುರಿದು, ಹೊರಡುವಾಗ ‘ನಮ್ಮ ಮಣೆ ಇದಕ್ಕಿಂತ ಅಗಲವಿತ್ತು’ ಎಂದು ತಕರಾರು ತೆಗೆಯುವ ಜಾತಿ.

ಉಣ್ಣದೆ ಹೋಗುತ್ತಿದ್ದವಳು ಬೀರಯ್ಯನ ಪಕ್ಕದ ಮನೆಯ ಬೆಟ್ಟಮ್ಮ ಒಬ್ಬಳೇ. ಅವಳ ಒನಕೆ ಪ್ರತಿ ಸಲವೂ ತೇಲಿ ಬರುತ್ತಿತ್ತು. “ನಿನ್ ಮುದ್ದೆ ನೀನೇ ಉಣ್ಕಳ್ಲಾ, ನನ್ ಒನಕೆ ಕೊಡು” ಎಂದು ಕಿತ್ತುಕೊಂಡು ಹೋಗುತ್ತಿದ್ದಳು.

ಕೊನೆಗೆ ಪುರಸಭೆಯವರು ಹಳ್ಳದ ಹೂಳೆತ್ತಿಸಿ, ಎರಡೂ ದಡಕ್ಕೆ ಕಲ್ಲಿನ ಗೋಡೆ ಕಟ್ಟಿಸಲು ಬಂದರು. ಬೀದಿಯೇ ಕುಣಿಯಿತು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಬೀರಯ್ಯ ಓವರ್ಸಿಯರ ಮುಂದೆ ಅಡ್ಡ ನಿಂತ.

“ಗ್ವಾಡೆ ಬ್ಯಾಡಿ ಸ್ವಾಮಿ.”

“ಯಾಕಯ್ಯ?”

“ನೀರೇ ಬರ್ನಿಲ್ಲ ಅಂದ್ರೆ ನಮ್ಮನೆಗೆ ಜನ ಯಾಕ್ ಬತ್ತಾರೆ?”

ಓವರ್ಸಿಯರು ನಕ್ಕರು. ನಾವೂ ನಕ್ಕೆವು. “ನಿನ್ ಮನೆಗೆ ನೆಂಟ್ರು ಬರ್ಲಿ ಅಂತ ನಾವ್ ಮುಳುಗ್ಬೇಕೇನ್ಲಾ?” ಎಂದು ಬೆಟ್ಟಮ್ಮ ಎಲ್ಲರೆದುರಿಗೇ ಅಂದುಬಿಟ್ಟಳು. ಗೋಡೆ ಎದ್ದಿತು.

ಮರುವರ್ಷ ಕೆರೆ ಕೋಡಿ ಬಿದ್ದಾಗ ಹಳ್ಳ ಹೊಸ ಅಳಿಯನ ಹಾಗೆ ಅತ್ತಿತ್ತ ನೋಡದೆ ಗೋಡೆಗಳ ನಡುವೆ ಹೋಯಿತು. ಬೆಳಿಗ್ಗೆ ಬೀರಯ್ಯ ಬೇಲಿ ನೋಡಿ ಬಂದ. ಒಂದು ಕಡ್ಡಿಯೂ ಸಿಕ್ಕಿರಲಿಲ್ಲ. ಒಳಗೆ ಚಿಕ್ಕನಂಜಮ್ಮ ಅಭ್ಯಾಸಬಲದಿಂದ ದೊಡ್ಡ ಮಡಕೆಯನ್ನೇ ಒಲೆಗೇರಿಸಿದ್ದಳು.

“ಇಷ್ಟೊಂದು ಯಾರ್ ಉಣ್ತಾರಮ್ಮಿ?” ಎಂದು ರೇಗಿ, ಬರಿದಾದ ಜಗಲಿಯ ಮೇಲೆ ಬಂದು ಕೂತ. ಅವನಿಗೆ ಅಳು ಬಂದಿತ್ತು.

ಆಗ ಬೆಟ್ಟಮ್ಮ ಬಂದಳು. ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ನನ್ ಒನಕೆ ಎಲ್ಲಿ ಮಡಗಿದ್ದೀಯಾ? ಕೊಡು.”

“ಅಳ್ಳ ಉಕ್ಕೇ ಇಲ್ವಲ್ಲ ಬೆಟ್ಟಕ್ಕ!”

“ಉಕ್ತೋ ಬುಡ್ತೋ ನಂಗೊತ್ತಿಲ್ಲ. ಒನಕೆ ಕಾಣೆ ಕಣ್ಲಾ. ಸರ್ಯಾಗ್ ಉಡುಕು.”

ಬೀರಯ್ಯ ಅವಳ ಕೈ ನೋಡಿದ. ಆಗತಾನೆ ಭತ್ತ ಕುಟ್ಟಿದ ತೌಡು ಮೊಣಕೈವರೆಗೂ ಮೆತ್ತಿಕೊಂಡಿತ್ತು. ಜಗಲಿಯಿಂದ ಎದ್ದ.

“ಉಡುಕ್ತೀನಿ ಬುಡಕ್ಕ. ಮೊದ್ಲು ಕೈ ತೊಳ್ಕಬಾ. ಮುದ್ದೆ ಬಿಸಿಬಿಸಿ ಅದೆ.”

ಬೆಟ್ಟಮ್ಮ ಕೈ ತೊಳೆದುಕೊಂಡು ಒಳಗೆ ಹೋಗಿ ಕೂತಳು. ಸಾರಿಗೆ ಉಪ್ಪು ಕಡಿಮೆಯೆಂದು ಬೈಯುತ್ತಲೇ ಎರಡನೆಯ ಮುದ್ದೆಗೂ ತಟ್ಟೆ ಒಡ್ಡಿದಳು.