ಪೂರ್ವಕ್ಕೆ ಬಾವಿ

ಜಯಮ್ಮನವರೇ, ಆ ದಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ನಾನು ನಿಮಗೆ ಜಮೀನಿನ ಪತ್ರವನ್ನು ತಪ್ಪಾಗಿ ಓದಿ ಹೇಳಿದೆ. ಕಣ್ತಪ್ಪಿನಿಂದಲ್ಲ — ಬೇಕೆಂದೇ. ನಿಮಗೆ ಓದು ಬಾರದೆಂದು ಗೊತ್ತಿದ್ದೇ.

ತೊಂಬತ್ತರ ದಶಕದ ಕೊನೆ ಅದು. ಇಂದಿರಾನಗರದ ಸಣ್ಣ ರಿಯಲ್ ಎಸ್ಟೇಟ್ ಆಫೀಸೊಂದರಲ್ಲಿ ಕೆಲಸಕ್ಕಿದ್ದೆ. ಗಿರಾಕಿಯ ಎದುರು ಕೂತರೆ ದನಿ ನಡುಗುತ್ತಿತ್ತು. ಎರಡು ವ್ಯವಹಾರ ನನ್ನ ತಡವರಿಕೆಯಿಂದಲೇ ಮುರಿದುಬಿದ್ದಿದ್ದವು. ಮಾಲೀಕರು ಕರೆದು, "ಸೈನ್ ಹಾಕೋರ ಮುಖ ಬಿಟ್ಟು ಬೇರೇನೂ ನೋಡ್ಬೇಡ. ಬೇರೇನೂ ಯೋಚ್ನೆ ಮಾಡ್ಬೇಡ. ಧೈರ್ಯ ತಾನಾಗೇ ಬರುತ್ತೆ," ಎಂದರು. ಅಂದಿನಿಂದ ಮರ್ಫಿ ಟೌನಿನ ಬಾಡಿಗೆ ಕೋಣೆಯಲ್ಲಿ ದಿನಾ ಬೆಳಗ್ಗೆ ಕನ್ನಡಿಯೆದುರು ಹಳೆಯ ಕ್ರಯಪತ್ರಗಳನ್ನು ಗಟ್ಟಿಯಾಗಿ ಓದತೊಡಗಿದೆ. ಪಕ್ಕದ ಮನೆಯ ತಮಿಳು ಅಜ್ಜಿ ನಾನು ಪಾರಾಯಣ ಮಾಡುತ್ತೇನೆಂದೇ ನಂಬಿದ್ದರು.

ಟಿನ್ ಫ್ಯಾಕ್ಟರಿ ಹತ್ತಿರದ ಹಳ್ಳಿಯಿಂದ ನಿಮ್ಮಣ್ಣ ಜಮೀನು ಮಾರಲು ಬಂದದ್ದು ಆಗಲೇ. ತಂಗಿಯಾದ ನಿಮ್ಮ ಸಹಿ ಇಲ್ಲದೆ ಕೊಳ್ಳುವವರು ಒಪ್ಪುತ್ತಿರಲಿಲ್ಲ. ಸೀರೆ, ಅರಿಶಿನ ಕುಂಕುಮ ಕೊಟ್ಟು ಹೆಣ್ಣುಮಕ್ಕಳಿಂದ ಹಕ್ಕು ಬಿಡಿಸಿಕೊಳ್ಳುವುದು ಆ ಕಡೆಯ ಮನೆಗಳಲ್ಲಿ ನಡೆದುಕೊಂಡು ಬಂದದ್ದೇ. ನೀವೂ ಬೇಡವೆನ್ನಲಿಲ್ಲ — ಬಾವಿಗೂ ರಸ್ತೆಗೂ ನಡುವಿನ ಒಂದು ತುಂಡು ಜಾಗ ಬಿಟ್ಟು. ಅದನ್ನು ನಿಮ್ಮಪ್ಪ ಬಾಯಿಮಾತಿನಲ್ಲಿ ನಿಮಗೆ ಕೊಟ್ಟಿದ್ದರು. ಗಂಡ ತೀರಿಹೋಗಿದ್ದರು, ಮಗಳೊಂದಿಗೆ ಅಲ್ಲೊಂದು ಕೋಣೆ ಕಟ್ಟಿಕೊಳ್ಳುವ ಆಸೆ ನಿಮ್ಮದು.

ಹೆಬ್ಬೆಟ್ಟಿಗೆ ಮಸಿ ಹಚ್ಚುವ ಮೊದಲು ಪತ್ರವನ್ನು ಅಣ್ಣನ ಕೈಯಿಂದ ತೆಗೆದು ನನಗೆ ಕೊಟ್ಟಿರಿ.

"ನೀವೇ ಓದಿ ಸಾರ್. ಅವ್ನು ಓದಿದ್ರೆ ಅರ್ಧ ನುಂಗ್ತಾನೆ. ನನ್ ಜಾಗ ಇದ್ರಲ್ಲಿ ಸೇರಿಲ್ಲ ತಾನೆ?"

ಚಕ್ಕುಬಂದಿಯಲ್ಲಿ — ಜಮೀನಿನ ನಾಲ್ಕು ಎಲ್ಲೆಗಳನ್ನು ಹೇಳುವ ಸಾಲುಗಳಲ್ಲಿ — 'ಪೂರ್ವಕ್ಕೆ ರಸ್ತೆ' ಎಂದಿತ್ತು. ಎಂದರೆ ಬಾವಿಯೂ ನಿಮ್ಮ ತುಂಡೂ ಒಳಗೇ. ಇದ್ದಂತೆ ಓದಿದ್ದರೆ ಈ ವ್ಯವಹಾರವೂ ಮುರಿಯುತ್ತಿತ್ತು. ನಾನು ನಿಮ್ಮ ಮುಖವನ್ನೇ ನೋಡುತ್ತ, "ಪೂರ್ವಕ್ಕೆ ಬಾವಿ," ಎಂದು ಓದಿದೆ. "ಬಾವಿಗೇ ಮುಗೀತಮ್ಮ. ನಿಮ್ದು ಸೇರಿಲ್ಲ."

ದನಿ ನಡುಗಲಿಲ್ಲ. ಅದೇ ಮೊದಲ ಸಲ. ಮತ್ತು — ಇದನ್ನು ಬರೆಯಲು ನಾಚಿಕೆಯಾಗುತ್ತಿದೆ — ನನಗೆ ಖುಷಿಯಾಯಿತು. ನೀವು ಹೆಬ್ಬೆಟ್ಟು ಒತ್ತಿ ಅರಿಶಿನ ಕುಂಕುಮವನ್ನು ಕಣ್ಣಿಗೊತ್ತಿಕೊಳ್ಳುವಾಗ ನಾನು ನನ್ನ ದನಿಯ ಬಗ್ಗೆಯೇ ಯೋಚಿಸುತ್ತಿದ್ದೆ.

ಬಾವಿ ಮುಚ್ಚಲು ಲಾರಿಯಲ್ಲಿ ಮಣ್ಣು ಬಂದ ದಿನ ನೀವು ಆಫೀಸಿಗೆ ಬಂದಿರಿ. ಕೂಗಾಡಲಿಲ್ಲ. "ಬಾವಿಗೇ ಮುಗೀತು ಅಂತ ನೀವೇ ಓದಿದ್ರಲ್ಲ ಸಾರ್," ಎಂದಿರಿ, ಅಷ್ಟೇ. ಮಾಲೀಕರು ನನ್ನತ್ತ ನೋಡಿದರು.

"ರಸ್ತೆ ಅಂತಾನೇ ಓದಿದ್ದೆ ಅಮ್ಮ. ನಿಮಗೆ ನೆನಪಿಲ್ಲ."

ನೀವು ನನ್ನನ್ನು ಬಯ್ಯಬೇಕಿತ್ತು. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಇರ್ಬೋದು. ನಮ್ಮನೆಯವ್ರು ಹೋದ್ಮೇಲೆ ನಂಗೆ ಏನೂ ನೆನಪು ನಿಲ್ಲಲ್ಲ," ಎಂದು ಎದ್ದುಹೋದಿರಿ.

ಆಮೇಲೆ ನಾನು ಬೆಳೆದೆ. ಸ್ವಂತ ಆಫೀಸು ಮಾಡಿದೆ, ಹೊಸಬರಿಗೆ ಧೈರ್ಯದ ಪಾಠ ಹೇಳುವವನಾದೆ. ಅದೇ ಪಾಠ — ಸೈನ್ ಹಾಕುವವರ ಮುಖ ಬಿಟ್ಟು ಬೇರೇನೂ ನೋಡಬೇಡ. ಹೇಳುವಾಗೆಲ್ಲ ನಿಮ್ಮ ಮುಖ ಕಣ್ಣೆದುರು... ಇಲ್ಲ, ಅದೂ ಸುಳ್ಳು. ಎಷ್ಟೋ ವರ್ಷ ನಿಮ್ಮ ನೆನಪೇ ಆಗಲಿಲ್ಲ.

ಹೋದ ತಿಂಗಳು ಕೆ.ಆರ್. ಪುರದ ಸಂತೆಯಲ್ಲಿ ನಿಮ್ಮ ಮಗಳು ಸಿಕ್ಕಳು. ಅಂದು ನಿಮ್ಮ ಜೊತೆ ಆಫೀಸಿಗೆ ಬಂದಿದ್ದವಳು, ಅವಳೇ ನನ್ನ ಗುರುತು ಹಿಡಿದಳು. ಬಾಡಿಗೆ ಮನೆ ಬದಲಿಸಿ ಬದಲಿಸಿ ಸಾಕಾಗಿದೆ ಎಂದಳು. "ಅಮ್ಮ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಲ್ಲ ಸಾರ್. ರೇಷನ್ ಕಾರ್ಡಿಗೂ ಒತ್ತಲಿಲ್ಲ. ನಂಗೆ ಮರೆವು, ನನ್ನ ಮಾತು ನಂಬಬೇಡಿ ಅಂತಾರೆ."

ಇದನ್ನು ನೀವು ಓದಲಾರಿರಿ, ಅದಕ್ಕೇ ಭಾನುವಾರ ನಿಮ್ಮಣ್ಣನನ್ನೂ ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ಪತ್ರದ ನಕಲು ತೆಗೆಸಿಟ್ಟಿದ್ದೇನೆ. ಈ ಸಲ ಇದ್ದದ್ದನ್ನು ಇದ್ದ ಹಾಗೆ ಓದುತ್ತೇನೆ. ದನಿ ನಡುಗಿದರೆ ನಡುಗಲಿ. ನಿಮ್ಮ ಜಾಗದ ಮೇಲೆ ನಾಲ್ಕು ಮಹಡಿ ನಿಂತಿದೆ, ಅದನ್ನು ಮರಳಿಸಲು ನನ್ನಿಂದಾಗದು. ಮಗಳ ಎದುರು, ಅಣ್ಣನ ಎದುರು ಇಷ್ಟು ಹೇಳುತ್ತೇನೆ. ಜಯಮ್ಮನವರೇ, ನಿಮಗೆ ಮರೆವಿರಲಿಲ್ಲ. ನಾನು ಬಾವಿ ಎಂದೇ ಓದಿದ್ದೆ.