ಕೆಂಪು ಅಂಚು

ಮೇಸ್ತ್ರಿಯವರ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಚಹಾದ ಲೋಟವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಸಿಕ್ಕಿಸಿಕೊಂಡು, ಕೆಳಗೆ ಎಡಗೈ ಒಡ್ಡಿ ಕುಡಿಯುತ್ತಿದ್ದರು. ಕಾಚಿಗೂಡದ ನಮ್ಮ ಹಳೆಯ ಕಟ್ಟಡದ ಮೋರಿ ಕಟ್ಟಿಕೊಂಡಾಗಲೆಲ್ಲ ಪೈಪಿನಿಂದ ರಭಸದ ನೀರು ಬಿಟ್ಟು ಮೋರಿ ಬಿಡಿಸುವ ಪ್ರೆಷರ್ ಗಾಡಿ ತರುತ್ತಿದ್ದವರು ಅವರೇ. ಯಾದಗಿರಿ ಕಡೆಯವರು, ಡ್ರೈವರನೊಡನೆ ತೆಲುಗು, ನನ್ನೊಡನೆ ಕನ್ನಡ.

ಕೆಲಸಕ್ಕೆ ಮುಂಚೆ ಮಕ್ಕಳನ್ನೆಲ್ಲ ಒಳಗೆ ಕಳಿಸಿ, ಮೋರಿಯ ಸುತ್ತ ಹಗ್ಗ ಕಟ್ಟುವರು. ಪೈಪಿನ ತುದಿಯಿಂದ ಒಂದಾಳುದ್ದ ಬಿಟ್ಟು ಕೆಂಪು ಬಟ್ಟೆ ಸುತ್ತಿರುತ್ತಿತ್ತು. ಪೈಪನ್ನು ಹಿಂದಕ್ಕೆಳೆಯುವಾಗ ಅದು ಕಂಡೊಡನೆ ಡ್ರೈವರನಿಗೆ “ನೀಳ್ಳು ಬಂದ್!” ಎಂದು ಕೂಗುವರು. ತುದಿ ಹೊರಬರುವ ಮೊದಲೇ ನೀರು ನಿಲ್ಲಬೇಕು.

“ಇಷ್ಟ್ಯಾಕ ಹೆದರ್ತೀರಿ, ನೀರಲ್ಲೇನ್ರಿ?” ಎಂದು ನಮ್ಮ ಯಜಮಾನರು ನಗುತ್ತಿದ್ದರು.

“ಕುಡಿಯೋ ನೀರಲ್ರಿ ಸಾಹೇಬ್ರ. ಇದಕ್ಕ ಹಲ್ಲು ಅದಾವ.”

ಒಂದು ಬೆಳಿಗ್ಗೆ ಆ ಬಟ್ಟೆ ರಾಡಿ ಹತ್ತಿ ಕಪ್ಪಾಗಿತ್ತು. ಯಾರಿಗೂ ಕಾಣಲಿಲ್ಲ. ಬೇಗ ಮುಗಿಯಲೆಂದು ಯಜಮಾನರು ಹಗ್ಗ ದಾಟಿ ಪೈಪೆಳೆಯಲು ಕೈ ಹಾಕಿದ್ದೂ, ತುದಿ ಹೊರಗೆ ಚಿಮ್ಮಿದ್ದೂ ಒಂದೇ ಆಯಿತು. ನೀರು ನಿಂತಾಗ ಅವರ ಬಲ ಅಂಗೈಯಲ್ಲಿ, ಧಾರೆ ಬಡಿದ ಕಡೆ, ಸಾಸಿವೆಯಷ್ಟು ಚುಕ್ಕೆ. ರಕ್ತವಿಲ್ಲ, ನೋವೂ ಅಷ್ಟಿಲ್ಲ. ನಾನು ಅರಿಶಿನದ ಡಬ್ಬಿ ತಂದೆ.

ಮೇಸ್ತ್ರಿ ತಡೆದರು. “ಬ್ಯಾಡ್ರಿ ಅಕ್ಕಾರ. ನಾನೂ ಅರಿಶಿಣನ ಹಚ್ಚಿದ್ದೆ,” ಎಂದು ತಮ್ಮ ಮಡಚದ ಬೆರಳು ತೋರಿಸಿದರು. “ಮ್ಯಾಲ ಚುಕ್ಕಿ ಅಷ್ಟ. ಒಳಗ ಮೋರಿ ನೀರು ಎಲ್ಲೀತನಕ ಹೋಗೈತೋ! ನಡೀರಿ ದವಾಖಾನಿಗೆ.”

ಅಲ್ಲಿ ಕಂಪೌಂಡರ್ ಪಟ್ಟಿ ಕಟ್ಟಿ ಕಳಿಸಲು ನೋಡಿದ. ಮೇಸ್ತ್ರಿ ಜಾಗ ಬಿಡಲಿಲ್ಲ. ದೊಡ್ಡ ಡಾಕ್ಟರು ಬರುವವರೆಗೆ ನಿಂತು, ತಮ್ಮದೇ ಕೈಯನ್ನು ಅವರ ಮುಂದೆ ಹಿಡಿದರು: “ದೇಖೋ ಸಾಬ್, ಐಸಾ ಹೋ ಜಾತಾ.” ಕೂಡಲೇ ಅಂಗೈ ಕೊಯ್ದು ಒಳಗಿನ ಹೊಲಸು ತೊಳೆದರು. ಕೈ ಉಳಿಯಿತು.

ಹೊರಗಿನ ಬೆಂಚಿನ ಮೇಲೆ ಮೇಸ್ತ್ರಿ ಅಳುತ್ತಿದ್ದರು. “ಬಟ್ಟಿ ನಾ ನೋಡಬೇಕಿತ್ರಿ. ತಪ್ಪು ನಂದ.”

ಆಮೇಲೆ ನಾನು ಸುಲ್ತಾನ್ ಬಜಾರಿನಲ್ಲಿ ಕೊಂಡಿದ್ದ ಸೀರೆಯ ಕೆಂಪು ಅಂಚಿನ ಒಂದು ತುಂಡನ್ನು ಪೈಪಿಗೆ ಸುತ್ತಲೆಂದು ಹರಿದು ಕೊಟ್ಟೆ. ಬಂದಾಗಲೆಲ್ಲ ಅದನ್ನು ನಮ್ಮ ನಲ್ಲಿಯಲ್ಲಿ ತೊಳೆದು, ಬಣ್ಣ ಕಂಡ ಮೇಲೆಯೇ ಗಾಡಿ ಶುರು ಮಾಡಿಸುವರು.

ಹೋದ ವರ್ಷ ಮೇಸ್ತ್ರಿ ಕಾಮಾಲೆಯಾಗಿ ತೀರಿಕೊಂಡರು. ಸುದ್ದಿ ತಂದ ಡ್ರೈವರ್, ಇನ್ನು ಪೈಪು ಹಿಡಿಯುವವನು ತಾನೇ ಎಂದ. ಅವನ ಕೈಯಲ್ಲಿ ಆ ತುಂಡು, ಎಷ್ಟು ತೊಳೆದರೂ ಕೆಂಪಾಗದಷ್ಟು ಮಾಸಿತ್ತು.

ಅದೇ ಸೀರೆ ತೆಗೆದು ಅಂಚಿನ ಹೊಸ ತುಂಡು ಹರಿಯತೊಡಗಿದೆ. ನೇಯ್ಗೆ ಗಟ್ಟಿ, ಬರಲಿಲ್ಲ. ನಮ್ಮವರು ಬಂದು ಇನ್ನೊಂದು ತುದಿಯನ್ನು ಬಲಗೈಯಲ್ಲಿ, ಐದೂ ಬೆರಳು ಮಡಚಿ, ಬಿಗಿಯಾಗಿ ಹಿಡಿದರು.